ಬಸವಣ್ಣೆಮ್ಮನ ಮಂಡಿ, ಸದಾಶಿವಪ್ಪನ ಪ್ರದಕ್ಷಿಣೆ

ಮಂಡಿನೋವಿಲ್ಲದ ಮನೆ ನಮ್ಮ ಸೀಮೆಯಲ್ಲಿ ಇದ್ದರೆ ತೋರಿಸಿ, ನೋಡೋಣ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಕಾಲು, ಮೆಕ್ಕೆಜೋಳದ ಚೀಲ ಹೊತ್ತ ಕಾಲು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಬಡಿದ ಕಾಲು, ಒಂದು ದಿನ ಸಾಕಪ್ಪಾ ಎನ್ನುತ್ತದೆ. ಆಗ ಎಣ್ಣೆ ತಿಕ್ಕುತ್ತೇವೆ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟುತ್ತೇವೆ, ಆಮೇಲೆ ಹಣೆಬರಹ ಎಂದು ಸುಮ್ಮನಾಗುತ್ತೇವೆ. ಹೆಂಗಸರ ಮಂಡಿಯಾದರಂತೂ ಇನ್ನೂ ಬೇಗ ಸುಮ್ಮನಾಗುತ್ತೇವೆ.

ತೊಗರ್ಸಿಯ ಬಸವಣ್ಣೆಮ್ಮ ಸುಮ್ಮನಾಗಲಿಲ್ಲ. ಆಕೆಯದು ಹಿಟ್ಟಿನ ಗಿರಣಿ. ಮನೆಯ ಪಕ್ಕದ ಕೋಣೆಯಲ್ಲಿ ನಿಂತು, ಊರಿನ ಅರ್ಧ ಮನೆಗಳ ಅಕ್ಕಿ, ಜೋಳ, ರಾಗಿಯನ್ನು ಅವಳೇ ಬೀಸಿ ಕೊಡುತ್ತಾಳೆ. ಹಿಟ್ಟು ನುಣ್ಣಗೆ ಬಂತೋ ತರಿಯಾಯಿತೋ ಎಂದು ಕಲ್ಲಿನ ಸದ್ದು ಕೇಳಿಯೇ ಹೇಳುತ್ತಾಳೆ. ಅಂಥವಳ ಬಲಮಂಡಿ ಸವೆದುಹೋಗಿ, ನಿಲ್ಲಲೂ ಆಗದ ಹಾಗಾಯಿತು. ಗಿರಣಿಯ ಬಾಗಿಲಿಗೆ ಬೀಗ ಬಿತ್ತು.

ಮೈದುನ ಗಂಗಾಧರಪ್ಪ ಒಂದು ದಿನ ಊಟದ ಹೊತ್ತಿಗೆ ಮಾತು ತೆಗೆದ.

"ಅತ್ತಿಗೆ, ನಿಮ್ಮ ಕೈಲಿ ಇನ್ನು ಗಿರಣಿ ಆಗಲ್ಲ. ಯಂತ್ರ ಕಳಚಿಸಿ ಕೊಟ್ಬಿಡಾನ. ಆ ಕೋಣೆ ಗೊಬ್ಬರದ ಅಂಗಡಿಗೆ ಚಲೋ ಐತೆ."

"ಕೈಗೇನಾಗೈತೋ? ನೋವಿರೋದು ಕಾಲಿಗೆ."

"ಅದೇ ಅಂದೆ. ನಿಂತ್ಕಳಾಕೆ ಆಗಬೇಕಲ್ಲ?"

"ನಿಂತ್ಕಂತೀನಿ. ಶಿವಮೊಗ್ಗಕ್ಕೆ ಹೋಗಿ ಕಾಲು ಸರಿ ಮಾಡಿಸ್ಕಂಡು ಬರ್ತೀನಿ. ಅಲ್ಲೀತನಕ ಗಿರಣಿಗೆ ಕೈ ಹಚ್ಚಿದ್ರೆ ನೋಡು."

ಗಂಗಾಧರಪ್ಪ ಕೆಟ್ಟವನಲ್ಲ. ಖಾಲಿ ಬಿದ್ದ ಕೋಣೆ ಅವನ ಕಣ್ಣು ಕುಕ್ಕುತ್ತಿತ್ತು, ಅಷ್ಟೇ. "ಆಯ್ತು ಅತ್ತಿಗೆ, ಸುಗ್ಗಿ ಹೊತ್ತಿಗೆ ನೀವು ನಿಂತು ಗಿರಣಿ ನಡೆಸಿದ್ರೆ ಗಿರಣಿ ನಿಮ್ಮದೇ. ಇಲ್ಲಂದ್ರೆ ಗೊಬ್ಬರದ ಅಂಗಡಿ" ಎಂದ. ಬಸವಣ್ಣೆಮ್ಮ ಒಪ್ಪಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸವೆದ ಕೀಲು ತೆಗೆದು ಹೊಸ ಕೀಲು ಹಾಕಿದರು. ಮಾರನೆಯ ದಿನವೇ ವಾಕರ್ ಕೊಟ್ಟು ಎದ್ದು ನಿಲ್ಲಿಸಿದರು. ವ್ಯಾಯಾಮ ಕಲಿಸಲು ರಮ್ಯ ಎಂಬ ಫಿಸಿಯೋಥೆರಪಿಸ್ಟ್ ಬಂದಳು. ಮನೆಗೆ ಕಳಿಸುವಾಗ ಅವಳು ಎರಡು ಕಪ್ಪು ಪಟ್ಟಿ ಕೊಟ್ಟಳು. ಮಂಡಿಯ ಮೇಲೊಂದು, ಕೆಳಗೊಂದು ಕಟ್ಟಬೇಕು. ಪಟ್ಟಿಯೊಳಗೆ ಪುಟ್ಟ ಯಂತ್ರವಿದೆ. ಕಾಲು ಎಷ್ಟು ನಡೆಯಿತು, ಮಂಡಿ ಎಷ್ಟು ಮಡಚಿತು ಎನ್ನುವುದನ್ನು ಅದು ಮನೆಯ ಫೋನಿಗೆ ಹೇಳುತ್ತದೆ. ಫೋನು ರಮ್ಯಳಿಗೆ ಹೇಳುತ್ತದೆ.

"ಅಮ್ಮಾ, ನಾನು ದಿನಾ ತೊಗರ್ಸಿಗೆ ಬರೋಕಾಗಲ್ಲ. ಇದು ನನ್ನ ಕಣ್ಣು ಅಂದ್ಕೊಳ್ಳಿ. ಇದನ್ನ ನೋಡಿ ವ್ಯಾಯಾಮ ಹೆಚ್ಚು ಮಾಡಬೇಕೋ ಕಮ್ಮಿ ಮಾಡಬೇಕೋ ಹೇಳ್ತೀನಿ" ಎಂದಳು ರಮ್ಯ.

ಅದೇ ದಿನ ತಪಾಸಣೆಗೆ ಬಂದಿದ್ದ ಸೊರಬದ ತುಂಗಮ್ಮ ಅಲ್ಲೇ ಕೂತಿದ್ದಳು. ಅವಳಿಗೆ ಇದೇ ಆಪರೇಷನ್ ಆಗಿ, ಇಂಥದೇ ಪಟ್ಟಿ ಕಟ್ಟಿ ವರ್ಷ ಸಮೀಪಿಸಿತ್ತು. "ಎಂತ ಹೆದರ್ಕೊಳ್ಳೂದು ಬೇಡ ಮಾರಾಯ್ತಿ. ಮೊದ್ಲು ಅಳಿಸ್ತದೆ, ಆಮೇಲೆ ನಡೆಸ್ತದೆ. ಏನಾರು ಬೇಕಿದ್ರೆ ಫೋನ್ ಹಚ್ಚಿ" ಎಂದು ನಂಬರು ಕೊಟ್ಟಳು.

ಮನೆಗೆ ಬಂದ ಕೂಡಲೇ ಬಸವಣ್ಣೆಮ್ಮನ ಗಂಡ ಸದಾಶಿವಪ್ಪ ಆ ಪಟ್ಟಿಗಳಿಗೆ ವಿಭೂತಿ ಹಚ್ಚಿದ. ಮನೆಗೆ ಬಂದ ಹೊಸ ವಸ್ತು ಟ್ರ್ಯಾಕ್ಟರಾದರೂ ಸರಿ, ಮಿಕ್ಸರಾದರೂ ಸರಿ, ಅವನ ವಿಭೂತಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. 

ಆಮೇಲೆ ಊರು ಮಾತಾಡಿಸಲು ಬಂತು. ಬ್ರೆಡ್ಡು, ಬಾಳೆಹಣ್ಣು, ಎಳನೀರು ಬಂದವು. ಅದರ ಜೊತೆ ಬುದ್ಧಿಮಾತೂ ಬಂತು. ಪಕ್ಕದ ಮನೆಯ ಸುಂಕಲಮ್ಮ ಅದರಲ್ಲಿ ಎಲ್ಲರಿಗಿಂತ ಮುಂದು.

"ಬಾಣಂತಿ ಇದ್ದಂಗೆ ಇರಬೇಕು ಕಣೆ ಬಸವಣ್ಣೆಮ್ಮ. ನೆಲಕ್ಕೆ ಕಾಲಿಡಬ್ಯಾಡ. ಹೊಸ ಕೀಲು, ಸಡ್ಲ ಆಗಿಬಿಟ್ರೆ? ಇದೇನಿದು ಕಾಲಿಗೆ ಕಟ್ಟೀಯ? ಕರೆಂಟು ಗಿರೆಂಟು ಹೊಡದೀತು!"

"ನಡಿ ಅಂತ ಹೇಳ್ಯಾರೆ ಸುಂಕಲಮ್ಮಾ."

"ಅವರಿಗೇನು, ಹೇಳ್ತಾರೆ. ನೋವು ತಿನ್ನೋರು ಯಾರು? ನೀನು ಮಲಕ್ಕ."

ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟು ಹೋದಳು. ಆಹಾ, ಎಷ್ಟು ಹಿತ! ನೋವೇ ಇಲ್ಲ. ಬಸವಣ್ಣೆಮ್ಮ ಇಡೀ ದಿನ ಆ ದಿಂಬಿನ ಮೇಲೆಯೇ ಕಾಲಿಟ್ಟು ಮಲಗಿದಳು. ವ್ಯಾಯಾಮ ಮಾಡಲು ಹೋದರೆ ಮಾತ್ರ ಕಣ್ಣಲ್ಲಿ ನೀರು ಬರುತ್ತಿತ್ತು. ಹಲ್ಲು ಕಚ್ಚಿ ಮಾಡುತ್ತಿದ್ದಳು, ಆದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದಳು. ಪಟ್ಟಿಯ ಲೆಕ್ಕ ತೋರಿಸುವ ಗೆರೆ ಫೋನಿನಲ್ಲಿ ಕೆಳಗೇ ಇತ್ತು. ರಮ್ಯ ಫೋನು ಮಾಡಿ, "ಅಮ್ಮಾ, ಇದು ಸಾಲದು. ಮಂಡಿ ಮಡಚ್ತಾ ಇಲ್ಲ" ಎಂದಳು. ಅಂದು ಬಸವಣ್ಣೆಮ್ಮ ಗೋಡೆ ಕಡೆ ತಿರುಗಿ ಅತ್ತಳು.

ಸದಾಶಿವಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಏನು ಮಾಡಬೇಕೆಂದೂ ತಿಳಿಯಲಿಲ್ಲ. ಆಗ ಅವನಿಗೆ ಹೊಳೆದದ್ದು ನಮ್ಮ ಕಡೆಯ ಗಂಡಸರಿಗೆ ಮಾತ್ರ ಹೊಳೆಯಬಹುದಾದ ಉಪಾಯ. ನಮ್ಮಲ್ಲಿ ಹರಕೆ ಹೊತ್ತವರಿಗೆ ಕಾಯಿಲೆಯಾದರೆ, ಮನೆಯವರು ಅವರ ಹೆಸರು ಹೇಳಿ ದೇವರಿಗೆ ಪ್ರದಕ್ಷಿಣೆ ಹಾಕುವುದುಂಟು. ಫಲ ಹರಕೆ ಹೊತ್ತವರಿಗೇ ಸೇರುತ್ತದೆ. ಹಾಗಿದ್ದ ಮೇಲೆ ಹೆಂಡತಿಯ ನಡಿಗೆಯನ್ನು ಗಂಡ ನಡೆದರೆ ತಪ್ಪೇನು?

ಬೆಳಿಗ್ಗೆ, "ಪಟ್ಟಿ ಬಿಚ್ಚಿ ಕೊಡು, ಚಾರ್ಜಿಗೆ ಹಾಕ್ತೀನಿ" ಎಂದು ಇಸಿದುಕೊಂಡ. ಮಲ್ಲಿಕಾರ್ಜುನನ ಗುಡಿಗೆ ಹೋದ. ಕಂಬದ ಮರೆಯಲ್ಲಿ ನಿಂತು ಪಂಚೆಯೊಳಗೆ ತನ್ನ ಮಂಡಿಗೆ ಪಟ್ಟಿ ಕಟ್ಟಿದ, ಫೋನನ್ನು ಜೇಬಿಗೆ ಹಾಕಿದ. "ಇದು ನನ್ನ ಹೆಂಡ್ತಿ ಬಸವಣ್ಣೆಮ್ಮನ ಪರವಾಗಿ, ತಂದೇ" ಎಂದು ಕೈಮುಗಿದು ಸುತ್ತಲು ಶುರು ಮಾಡಿದ. ದಿನವೂ ಹೀಗೇ ನಡೆಯಿತು. ಕಳ್ಳತನ ಎಂಬ ಭಾವನೆಯೇ ಅವನಿಗಿರಲಿಲ್ಲ. ಭಕ್ತಿಯಿಂದ ಸುತ್ತಿದ, ಬೆವರು ಬರುವವರೆಗೆ ಸುತ್ತಿದ.

ಫೋನಿನಲ್ಲಿ ಗೆರೆ ಸರ್ರನೆ ಮೇಲೇರಿತು. ರಮ್ಯಳ ಫೋನು ಬಂತು.

"ಅಮ್ಮಾ, ನಂಬೋಕೇ ಆಗ್ತಿಲ್ಲ! ಮಂಡಿ ಚೆನ್ನಾಗಿ ಮಡಚ್ತಿದೆ. ಆದ್ರೆ ನಡಿಗೆ ಅತಿಯಾಯ್ತು, ಹೀಗೆ ನಡೆದ್ರೆ ಮಂಡಿ ಊದಿಕೊಳ್ಳುತ್ತೆ. ಸ್ವಲ್ಪ ದಿನ ಎಲ್ಲಾ ಕಮ್ಮಿ ಮಾಡಿ."

ಬಸವಣ್ಣೆಮ್ಮ ಬೆಪ್ಪಾದಳು. ಕುರ್ಚಿಯ ಮೇಲೆ ಕೂತರೆ ಪಾದ ಹಿಂದಕ್ಕೆ ಹೋಗುವುದಿಲ್ಲ, ಕೋಲಿನ ಹಾಗೆ ಮುಂದಕ್ಕೇ ಚಾಚಿಕೊಂಡಿರುತ್ತದೆ. ಚೆನ್ನಾಗಿ ಮಡಚುತ್ತಿದೆಯಂತೆ! ಆದರೂ ಆಸ್ಪತ್ರೆಯವರೇ ಹೇಳಿದ ಮೇಲೆ ಮುಗಿಯಿತು. ಇದ್ದಬದ್ದ ವ್ಯಾಯಾಮವನ್ನೂ ಬಿಟ್ಟಳು. ದಿಂಬಿನ ಮೇಲೆ ಕಾಲಿಟ್ಟು ಮಲಗಿದಳು. ಕಾಲು ಇನ್ನಷ್ಟು ಬಿಗಿದುಕೊಂಡಿತು.

ಒಂದು ಬೆಳಿಗ್ಗೆ ಗಿರಣಿಯ ಕೋಣೆಯಿಂದ ಸ್ಪ್ಯಾನರಿನ ಸದ್ದು ಕೇಳಿಸಿತು. ಗಂಗಾಧರಪ್ಪ ಯಾರನ್ನೋ ಕರೆತಂದು ಯಂತ್ರ ತೋರಿಸುತ್ತಿದ್ದ. "ಏಯ್ ಗಂಗಾಧರಾ!" ಎಂದು ಕೂಗಿ ಬಸವಣ್ಣೆಮ್ಮ ಏಳಲು ಹೋದಳು. ಮಂಡಿ ಮಡಚಲೇ ಇಲ್ಲ. ವಾಕರು ಕೈಗೆ ಸಿಗಲಿಲ್ಲ. ಮಂಚದಿಂದ ಗಿರಣಿಗೆ ಹತ್ತು ಮಾರು ದೂರವಿಲ್ಲ, ಅಲ್ಲಿಗೆ ಹೋಗಿ ಬೇಡ ಎನ್ನುವಷ್ಟೂ ಕಾಲು ಅವಳ ಮಾತು ಕೇಳಲಿಲ್ಲ.

ಗಂಗಾಧರಪ್ಪನೇ ಒಳಗೆ ಬಂದ. "ಸುಮ್ನೆ ತೋರಿಸ್ದೆ ಅತ್ತಿಗೆ. ಸುಗ್ಗಿ ಹತ್ರ ಬಂತಲ್ಲ" ಎಂದು ತಲೆ ಕೆರೆದುಕೊಂಡ.

ಅವನ ಹಿಂದೆಯೇ ಸುಂಕಲಮ್ಮ ಹೂವಿನ ಬುಟ್ಟಿ ಹಿಡಿದು, ಗುಡಿಯಿಂದ ನೇರ ಬಂದಳು.

"ಅಲ್ಲಾ ಬಸವಣ್ಣೆಮ್ಮ, ನಿಮ್ಮೆಜಮಾನ್ರಿಗೂ ಮಂಡಿ ಆಪರೇಷನ್ ಆಯ್ತೇನೆ? ನಮಗ್ಯಾರೂ ಹೇಳಲೇ ಇಲ್ಲ!"

"ಅವರಿಗ್ಯಾಕೆ ಆಗ್ತೈತೆ?"

"ಮತ್ತೆ ಪಂಚೆ ಎತ್ತಿ ಕಟ್ಕಂಡಾಗ ನೋಡಿದ್ನಲ್ಲ, ನಿನ್ನಂಗೇ ಎರಡು ಕಪ್ಪು ಪಟ್ಟಿ ಕಟ್ಯಾರೆ. ಗಾಣದೆತ್ತು ಸುತ್ತಿದಂಗೆ ಗುಡಿ ಸುತ್ತಾಕೆ ಹತ್ಯಾರೆ!"

ಸದಾಶಿವಪ್ಪ ಹಣೆತುಂಬ ವಿಭೂತಿ, ಕೈಯಲ್ಲಿ ಪ್ರಸಾದ ಹಿಡಿದು ಆಗಲೇ ಬಾಗಿಲಿಗೆ ಬಂದ.

"ಎತ್ತ್ರಿ ಪಂಚೆ" ಎಂದಳು ಬಸವಣ್ಣೆಮ್ಮ.

"ಏನೇ ಇದು, ಎಲ್ಲರ ಮುಂದೆ..."

"ಮಂಡೀತನಕ ಎತ್ತ್ರಿ ಅಂದೆ!"

ಪಟ್ಟಿಗಳು ಅಲ್ಲಿದ್ದವು.

"ನಿನ್ನ ಹೆಸರು ಹೇಳೇ ಸುತ್ತೀನಿ" ಎಂದ ಸದಾಶಿವಪ್ಪ. ದನಿ ಕುಗ್ಗಿತ್ತು. "ಮಗಳು ಗಂಗಾಶ್ರೀ ಹುಟ್ಟೋವಾಗ ನಿನಗೆ ಕಷ್ಟ ಆಗಿತ್ತು. ಆಗ ನಿಮ್ಮವ್ವ ನಿನ್ನ ಪರವಾಗಿ ಸುತ್ತಲಿಲ್ವೇನು? ನೀನು ಬದುಕ್ಲಿಲ್ವೇನು? ನೀನು ಅಳೋದು ನನಗೆ ನೋಡಾಕಾಗಲ್ಲ."

"ಮಲ್ಲಿಕಾರ್ಜುನಂಗೆ ಗೊತ್ತಾಗ್ತೈತೆ ನೀವು ಯಾರ ಪರವಾಗಿ ಸುತ್ತಿದ್ರಿ ಅಂತ. ಈ ಯಂತ್ರಕ್ಕೆ ಗೊತ್ತಾಗ್ತೈತೇನ್ರೀ? ನೀವು ಉಂಡ್ರೆ ನನ್ನ ಹೊಟ್ಟೆ ತುಂಬ್ತೈತಾ? ನೀವು ಮಡಚಿದ ಮಂಡಿ ನೋಡಿ ಆ ಹುಡುಗಿ ನನಗೆ ಮಲಕ್ಕ ಅಂದ್ಲು! ನನ್ನ ಕಾಲು ಕೊರಡಾಗ್ತಾ ಐತೆ, ಕೊರಡು!"

ಅವಳಿಗೆ ಕೋಪವೂ ಬಂದಿತ್ತು, ಅಳುವೂ ಬಂದಿತ್ತು. ಗಂಡನ ಪ್ರೀತಿ ಕಂಡು ಅಳು, ಅದೇ ಪ್ರೀತಿ ತನ್ನನ್ನು ಮಂಚಕ್ಕೆ ಕಟ್ಟಿಹಾಕಿತಲ್ಲ ಎಂದು ಕೋಪ. ಕಣ್ಣೊರೆಸಿಕೊಂಡು ತುಂಗಮ್ಮನಿಗೆ ಫೋನು ಹಚ್ಚಿದಳು.

ತುಂಗಮ್ಮ ಮಾರನೆಯ ದಿನವೇ ಸೊರಬದಿಂದ ಹೊರಟು, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬಂದಳು. ಬಸ್ಸಿನ ಮೆಟ್ಟಿಲು ಯಾರ ಕೈಯನ್ನೂ ಹಿಡಿಯದೆ ಇಳಿದಳು. ಅದನ್ನು ಕಂಡು ಸುಂಕಲಮ್ಮನೂ ಹಿಂದೆಯೇ ಬಂದಳು. ತುಂಗಮ್ಮ ಒಳಗೆ ಬಂದವಳೇ ಮಂಚ ನೋಡಿ ನಿಂತಳು.

"ಈ ದಿಂಬು ಎಂತಕ್ಕೆ ಮಂಡಿ ಕೆಳಗೆ?"

"ಹಿತ ಆಗ್ತೈತೆ."

"ಹಿತ ಆಗ್ತದೆ. ಮಂಡಿ ಹಂಗೇ ಅರ್ಧ ಬಗ್ಗಿ ಗಟ್ಟಿಯಾಗ್ತದೆ. ಆಮೇಲೆ ನೆಟ್ಟಗೂ ಆಗೂದಿಲ್ಲ, ಪೂರ್ತಿ ಮಡಚೂದೂ ಇಲ್ಲ. ನಂಗೂ ನಮ್ಮನೆಯವರು ಇಟ್ಟಿದ್ರು. ಡಾಕ್ಟ್ರು ಬೈದು ತೆಗೆಸಿದ್ರು. ಇಡೂದಿದ್ರೆ ಹಿಮ್ಮಡಿ ಕೆಳಗಿಡಿ, ಮಂಡಿ ಕೆಳಗೆ ಬೇಡ."

ಬಸವಣ್ಣೆಮ್ಮ ದಿಂಬನ್ನು ಎಳೆದು ಗಂಡನ ಕೈಗೆ ಕೊಟ್ಟಳು. "ತಗಳ್ರಿ, ನೀವೇ ಇಟ್ಕಳ್ರಿ ತಲೆ ಕೆಳಗೆ."

ಸುಂಕಲಮ್ಮ ಬಿಡಲಿಲ್ಲ. "ಅಲ್ಲ ತುಂಗಮ್ಮಾರೆ, ಈ ಪಟ್ಟಿ ಕಟ್ಕಂಡ್ರೆ ಕಾಲು ವಾಸಿ ಆಗ್ತೈತೇನು?"

"ಆಗೂದಿಲ್ಲ. ಪಟ್ಟಿ ಎಂತ ಔಷಧವಾ? ಅದು ಸಾಕ್ಷಿ ಅಷ್ಟೇ. ವಾಸಿ ಮಾಡೂದು ವ್ಯಾಯಾಮ. ನಾವು ಮಾಡಿದ್ದೆಷ್ಟು ಅಂತ ಅದು ಹೇಳ್ತದೆ, ಫಿಸಿಯೋ ಅದನ್ನ ನಂಬಿ ಮುಂದಿನದು ಹೇಳ್ತಾರೆ. ಸಾಕ್ಷಿ ಸುಳ್ಳಾದ್ರೆ ತೀರ್ಪೂ ಸುಳ್ಳು."

"ನಿಮಗೇನೂ ತೊಂದರೆ ಆಗಲಿಲ್ವಾ ಅದರಿಂದ?"

"ಆಯ್ತು, ಯಾಕೆ ಸುಳ್ಳು ಹೇಳ್ಲಿ? ಬೆವತು ಚರ್ಮ ತುರಿಸ್ತು, ಕೆಂಪಾಯ್ತು. ಹೇಳ್ದೆ, ಸ್ವಲ್ಪ ದಿನ ಬಿಚ್ಚಿಡಿ ಅಂದ್ರು. ಗೆರೆ ಕೆಳಗೆ ಬಿದ್ದ ದಿನ ನನ್ನ ಕೈಲಿ ಆಗೂದೇ ಇಲ್ಲ ಅಂತ ಅತ್ತಿದ್ದೂ ಉಂಟು. ಮತ್ತೆ ನನ್ನ ಜೊತೆ ಆಪರೇಷನ್ ಆದವರ ಗೆರೆ ನೋಡಿ ಹೊಟ್ಟೆ ಉರ್ಕೊಂಡೆ. ಆಮೇಲೆ ಗೊತ್ತಾಯ್ತು, ನನ್ನ ನಿನ್ನೆಗೂ ನನ್ನ ಇವತ್ತಿಗೂ ಮಾತ್ರ ಪಂದ್ಯ. ಇನ್ನೊಂದು ಮಾತು ಕೇಳಿ. ಅದು ಎಲ್ಲ ಹೇಳೂದಿಲ್ಲ. ಜ್ವರ ಬಂದ್ರೆ, ಗಾಯ ಒದ್ದೆ ಆದ್ರೆ, ಮೀನಖಂಡ ಊದಿ ನೋವಾದ್ರೆ, ಉಸಿರು ಕಟ್ಟಿದ್ರೆ, ಪಟ್ಟಿ ಏನು ಹೇಳ್ತದೆ ಅಂತ ಕಾಯ್ಬಾರ್ದು. ಸೀದಾ ಆಸ್ಪತ್ರೆ."

ಆಮೇಲೆ ಎಲ್ಲರೂ ಸೇರಿ ರಮ್ಯಳಿಗೆ ವಿಡಿಯೋ ಕಾಲ್ ಮಾಡಿದರು. ನಡೆದದ್ದನ್ನು ಸದಾಶಿವಪ್ಪನೇ ಹೇಳಬೇಕೆಂದು ಬಸವಣ್ಣೆಮ್ಮ ಹಟ ಹಿಡಿದಳು. ಅವನು ತಡವರಿಸುತ್ತ ಹೇಳಿದ. ರಮ್ಯ ನಗಲಿಲ್ಲ.

"ಅಜ್ಜಾ, ನಾನೂ ಕಾಲು ಕಣ್ಣಾರೆ ನೋಡದೆ ಹೇಳಬಾರದಿತ್ತು. ನಾಳೆನೇ ಕರ್ಕೊಂಡು ಬನ್ನಿ."

ಶಿವಮೊಗ್ಗದಲ್ಲಿ ಡಾಕ್ಟರು ಮಂಡಿ ಹಿಡಿದು ನೋಡಿ ಮುಖ ಸಪ್ಪೆ ಮಾಡಿದರು. "ಇನ್ನೂ ಕಾಲ ಮಿಂಚಿಲ್ಲ. ಆದ್ರೆ ಮುಂದಿನ ಸಲ ಬರೋ ಹೊತ್ತಿಗೆ ಮಡಚದಿದ್ರೆ, ಮತ್ತೆ ಅರಿವಳಿಕೆ ಕೊಟ್ಟು ನಾವೇ ಮಡಚಬೇಕಾಗುತ್ತೆ" ಎಂದರು. 

"ಯಾರೂ ಮಡಚೋದು ಬ್ಯಾಡ. ನಾನೇ ಮಡಚ್ತೀನಿ" ಎಂದಳು ಬಸವಣ್ಣೆಮ್ಮ.

ಅಂದಿನಿಂದ ಆ ಮನೆಯ ಕಾನೂನು ಬದಲಾಯಿತು. ಡಾಕ್ಟರು ಬರೆದ ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು, ಆಮೇಲೆ ವ್ಯಾಯಾಮ. ಪಟ್ಟಿಯ ಚಾರ್ಜು ಅವಳದೇ ಜವಾಬ್ದಾರಿ. ಮಾತಾಡಿಸಲು ಬಂದವರು ಮಂಚದ ಪಕ್ಕ ಕೂರುವಂತಿಲ್ಲ, ಅಂಗಳದಲ್ಲಿ ಅವಳ ವಾಕರಿನ ಜೊತೆ ಹೆಜ್ಜೆ ಹಾಕುತ್ತ ಮಾತಾಡಬೇಕು. "ಬಂದೋರನ್ನ ಕೂರಿಸೋದು ಬಿಟ್ಟು ನಡೆಸ್ತಾಳಲ್ಲಪ್ಪ!" ಎಂದು ಊರು ಗೊಣಗಿತು. ಗೊಣಗಲಿ. ಊರಿನ ಬಾಯಿಗೆ ಹೆದರಿದವರು ಹಾಸಿಗೆಯಲ್ಲೇ ಮುದುಕರಾಗುತ್ತಾರೆ.

ನೆಲದ ಮೇಲೆ ಚಕ್ಕಳಮಕ್ಕಳ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಲಿಂಗಪೂಜೆಯನ್ನೂ ಕುರ್ಚಿಯ ಮೇಲೇ ಮಾಡತೊಡಗಿದಳು. ಸುಂಕಲಮ್ಮ ಹೌಹಾರಿದಳು.

"ಕುರ್ಚಿ ಮ್ಯಾಲೆ ಕೂತು ಯಾರಾದ್ರೂ ಪೂಜೆ ಮಾಡ್ತಾರೇನೆ?"

"ಲಿಂಗ ನನ್ನ ಅಂಗೈಯಾಗೈತೆ ಸುಂಕಲಮ್ಮಾ, ಮಂಡಿ ಮ್ಯಾಲಲ್ಲ."

ನೋವು ಬಿಟ್ಟು ಹೋಗಲಿಲ್ಲ. ಕಾಲು ಮಡಚುವಾಗ ಅವಳು ಗಂಡನಿಗೆ, ಮೈದುನನಿಗೆ, ಕೊನೆಗೆ ಫೋನಿಗೂ ಬೈದಳು. ಒಂದೊಂದು ದಿನ ಗೆರೆ ಕೆಳಗೆ ಜಾರುತ್ತಿತ್ತು. "ಇವತ್ತು ಬಿಡು, ನಾಳೆ ಮಾಡಿದ್ರಾಯ್ತು" ಎಂದು ಸದಾಶಿವಪ್ಪನ ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದ. ಪಾಪ, ಅವನಿಗೂ ಅದೊಂದು ವ್ಯಾಯಾಮವೇ ಆಯಿತು. ಕ್ರಮೇಣ ಗೆರೆ ಇಷ್ಟಿಷ್ಟೇ ಮೇಲೆ ಬಂತು. ಈ ಸಲ ಅದು ಅವಳದೇ ಗೆರೆ. ಒಂದು ದಿನ ಕುರ್ಚಿಯಲ್ಲಿ ಕೂತಿದ್ದಾಗ ಪಾದ ತಾನಾಗಿ ಕುರ್ಚಿಯ ಅಡಿಗೆ ಸರಿಯಿತು. ಅವಳು "ರೀ!" ಎಂದು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಸದಾಶಿವಪ್ಪ ಹಾಲಿನ ಚರಿಗೆ ಬಿಟ್ಟು ಓಡಿಬಂದ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಮಂಡಿ ಮಡಚಿಸಿ ನೋಡಿ, "ಅರಿವಳಿಕೆ ಬೇಡ" ಎಂದರು. ಯಾವ ಕೆಲಸ ಮಾಡಬಹುದು, ಯಾವುದು ಬೇಡ ಎಂದು ಬಸವಣ್ಣೆಮ್ಮ ಕೆದಕಿ ಕೆದಕಿ ಕೇಳಿದಳು. ಸ್ವಲ್ಪ ಹೊತ್ತು ನಿಂತು, ಸ್ವಲ್ಪ ಹೊತ್ತು ಎತ್ತರದ ಸ್ಟೂಲಿನ ಮೇಲೆ ಕೂತು ಗಿರಣಿ ನಡೆಸಬಹುದು, ಚೀಲ ಮಾತ್ರ ಎತ್ತಬಾರದು ಎಂದರು.

ಸುಗ್ಗಿ ಬಂತು. ಬಸವಣ್ಣೆಮ್ಮ ಒಂದು ಕೈಯಲ್ಲಿ ಕೋಲು ಹಿಡಿದು ಅಂಗಳ ದಾಟಿದಳು. ಗಿರಣಿಯ ಬೀಗ ತೆಗೆದಳು. ಬಾಗಿಲಲ್ಲಿ ಗಂಗಾಧರಪ್ಪ ನಿಂತಿದ್ದ. ಅವಳು ಹೊಸ್ತಿಲು ದಾಟುವುದನ್ನೇ ನೋಡಿದ. ಆಮೇಲೆ ಮನೆಯೊಳಗೆ ಹೋಗಿ, ಹೊಸ ಜೋಳದ ಚೀಲ ಹೊತ್ತು ತಂದು ಯಂತ್ರದ ಪಕ್ಕ ಇಳಿಸಿದ.

"ಬೀಸ್ರಿ ಅತ್ತಿಗೆ. ಎತ್ತೋದು ಇಳಿಸೋದು ನಾನು ನೋಡ್ಕಂತೀನಿ."

"ಗೊಬ್ಬರದ ಅಂಗಡಿ?"

"ಬೇರೆ ಜಾಗ ನೋಡ್ತೀನಿ ಬಿಡ್ರಿ. ನಿಮ್ಮ ಜೊತೆ ಯಾರು ಜಗಳ ಆಡ್ತಾರೆ!"

ಅವಳು ಸ್ವಿಚ್ಚು ಒತ್ತಿದಳು. ಕಲ್ಲು ತಿರುಗಿತು. ಹಿಟ್ಟಿನ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಸುಂಕಲಮ್ಮ ಹತ್ತಿರ ಬಂದು, ಗಿರಣಿಯ ಸದ್ದಿಗಿಂತ ಮೇಲೆ ದನಿಯೆತ್ತಿ ಕೇಳಿದಳು.

"ಬಸವಣ್ಣೆಮ್ಮ, ನನ್ನ ಎಡಮಂಡೀನೂ ಒಂದ್ಸಲ ತೋರಿಸ್ಬೇಕಿತ್ತು ಕಣೆ. ಬರ್ತೀಯೇನೆ ನನ್ನ ಜೊತೆ?"

"ಬರ್ತೀನಿ. ಆದ್ರೆ ಆಮೇಲೆ ಮಲಕ್ಕಂತೀನಿ ಅಂದ್ರೆ ಬಿಡಲ್ಲ!"

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಹತ್ತಿರ ಮಾತು. ಮಂಡಿ ಸವೆದರೆ ಮೊದಲು ಡಾಕ್ಟರಿಗೆ ತೋರಿಸಿ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ, ಬೇಕೋ ಬೇಡವೋ ಅವರೇ ಹೇಳಲಿ. ಆಪರೇಷನ್ ಆದವರಿಗೆ ಆಸ್ಪತ್ರೆ ಇಂಥ ಪಟ್ಟಿಯನ್ನೋ ಗಡಿಯಾರವನ್ನೋ ಕೊಟ್ಟರೆ, ಕಟ್ಟುವುದು ಹೇಗೆ, ಬಿಚ್ಚುವುದು ಯಾವಾಗ, ಅದರಲ್ಲಿರುವುದನ್ನು ಯಾರ್‍ಯಾರು ನೋಡುತ್ತಾರೆ ಎಂದು ನಾಚದೆ ಕೇಳಿ. ಗಾಯದ ಮೇಲೆ ಕಟ್ಟಬೇಡಿ, ತುರಿಸಿದರೆ ಹೇಳಿ. ಅದನ್ನು ನಿಮ್ಮ ಕಾಲಿಗೆ ಮಾತ್ರ ಕಟ್ಟಿ. ಪಟ್ಟಿ ಹೇಳುವುದಕ್ಕೂ ನಿಮ್ಮ ಕಾಲು ಹೇಳುವುದಕ್ಕೂ ತಾಳೆಯಾಗದಿದ್ದರೆ ಬಾಯಿಬಿಟ್ಟು ಹೇಳಿ. ಯಾವ ಪಟ್ಟಿಯೂ ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ. ಕಲಿಸಿದ ವ್ಯಾಯಾಮ ಸಾಕು, ಅದನ್ನು ದಿನವೂ ಮಾಡಿ.

ಮನೆಯವರು ನಿಮ್ಮನ್ನು ದ್ವೇಷದಿಂದ ಮಲಗಿಸುವುದಿಲ್ಲ, ಪ್ರೀತಿಯಿಂದಲೇ ಮಲಗಿಸುತ್ತಾರೆ. ಅದಕ್ಕೇ ಏಳುವುದು ಇಷ್ಟು ಕಷ್ಟ. ಆದರೂ ಏಳಿ.